ಎಲೆ ಜಗಿದು ಗಿಡ ಕೊಡುತ್ತಿದ್ದಾಕೆ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿ ಮೈಮೇಲೆ ಬಿದ್ದರೆ ಅಂಜುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಅಂಜುತ್ತೇನೆ, ಮಗಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಗೇಟಿಗೂ ಅಡುಗೆಮನೆಗೂ ನಡುವೆ ಓಡಾಡಿ ಕಾಲು ನೋಯಿಸಿಕೊಳ್ಳುತ್ತೇನೆ. ನನ್ನ ಗಂಡ ಇದನ್ನು ನೋಡಿ ನಗುತ್ತಾರೆ. ಆದರೆ ನನ್ನನ್ನೂ ಮೀರಿಸಿ ಅಂಜುತ್ತಿದ್ದ ಒಬ್ಬಾಕೆಯನ್ನು ನಾನು ಕಂಡಿದ್ದೇನೆ. ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ, ಬೇವಿನ ಮರದಡಿ ಹಸಿರು ಬಲೆ ಕಟ್ಟಿಕೊಂಡು ನರ್ಸರಿ ನಡೆಸುತ್ತಿದ್ದಾಕೆ. ಹೋದ ತಿಂಗಳು ಆಕೆ ತೀರಿಕೊಂಡಳು ಅಂತ ಆಕೆಯ ಸೊಸೆ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದದ್ದು "ಅಯ್ಯೋ" ಅಲ್ಲ. "ಏನು ತಿಂದಿದ್ರು?" ಅಂತ ಕೇಳಿದೆ.

ಸೊಸೆ, "ಏನೂ ತಿಂದಿರಲಿಲ್ಲ ಟೀಚರಮ್ಮ. ಎದಿ ಹಿಡಕೊಂತು. ಗಿಡಕ್ಕ ನೀರು ಬಿಡ್ತಿದ್ಲು, ಪೈಪ್ ಕೈಯಾಗೇ ಇತ್ತು" ಅಂದಳು.

ಸತ್ತವರ ಸುದ್ದಿ ಕೇಳಿ ಯಾರಾದರೂ ಹೀಗೆ ಕೇಳುತ್ತಾರಾ? ನಾನು ಕೇಳಿದೆ. ಯಾಕೆ ಅಂತ ಹೇಳಬೇಕಾದರೆ ಗದ್ವಾಲ್‌ನಿಂದ ಶುರುಮಾಡಬೇಕು.

ನಾರಾಯಣಪೇಟೆಯಲ್ಲಿ ನಾವು ಮನೆ ಕಟ್ಟಿಸಿದ ವರ್ಷ ಅದು. ಊರ ಹೊರಗಿನ ಹೊಸ ಪ್ಲಾಟುಗಳಲ್ಲಿ ನಮ್ಮದೊಂದೇ ಮನೆ, ಸುತ್ತ ಬರೀ ಗರಸು ಮಣ್ಣು, ಕಲ್ಲು, ಬಿಸಿಲು. ಮಗಳು ಚಿನ್ನಿಗೆ ಆಗ ಮೂರು ವರ್ಷ. ಗದ್ವಾಲ್‌ನಲ್ಲಿ ಒಂದು ಮದುವೆ ಉಂಡು ಬರುವಾಗ ರಸ್ತೆ ಪಕ್ಕ ದೊಡ್ಡದೊಂದು ನರ್ಸರಿ ಕಂಡಿತು. ಒಳಗೆ ಕಾರಂಜಿ, ಬಣ್ಣಬಣ್ಣದ ಕುಂಡ, ಸಿಮೆಂಟಿನ ಕೊಕ್ಕರೆ. ನನಗಂತೂ ಕಣ್ಣು ಸಾಲಲಿಲ್ಲ. ಅಲ್ಲಿದ್ದ ಮಾಲೀಕ ಒಂದು ಕುಂಡ ಎತ್ತಿ ತೋರಿಸಿದ. ಗಿಡದ ಬುಡ ಹೊಟ್ಟೆ ಬಂದವರ ಹಾಗೆ ದಪ್ಪ, ಮೇಲೆ ಅಗಲ ಎಲೆ, ತುದಿಯಲ್ಲಿ ಹವಳದಂಥ ಕೆಂಪು ಹೂಗೊಂಚಲು. "ಬುದ್ಧ ಗಿಡ ಮೇಡಂ. ಬಾಗಿಲ ಮುಂದ ಇಟ್ರ ಲಕ್ಷ್ಮಿ ಬರ್ತಾಳ" ಅಂದ. ಬುದ್ಧನಿಗೂ ಲಕ್ಷ್ಮಿಗೂ ಏನಪ್ಪಾ ಸಂಬಂಧ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ತಂದು ಬಾಗಿಲ ಮುಂದೆ ಇಟ್ಟೆ.

ಬೇಸಿಗೆಯಲ್ಲಿ ಅದು ಗೋಲಿಯಂಥ ಹಸಿರು ಕಾಯಿ ಬಿಟ್ಟಿತು. ಒಂದು ಮಧ್ಯಾಹ್ನ ಚಿನ್ನಿ ವಾಂತಿ ಶುರುಮಾಡಿದಳು. ಬಿಸಿಲಿಗೆ ಆಗಿರಬೇಕು ಅಂದುಕೊಂಡೆ. ವಾಂತಿ ನಿಲ್ಲಲಿಲ್ಲ, ಭೇದಿಯೂ ಸೇರಿಕೊಂಡಿತು, ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಡಲಾರದೆ ಒದ್ದೆ ಬಟ್ಟೆಯ ಹಾಗೆ ತೋಳಿನಲ್ಲಿ ಬಿದ್ದಿತ್ತು. ಎತ್ತಿಕೊಂಡು ಹೊರಗೆ ಓಡುವಾಗ ಬಾಗಿಲಲ್ಲಿ ಒಡೆದ ಕಾಯಿಯ ಸಿಪ್ಪೆ ಕಾಲಿಗೆ ಸಿಕ್ಕಿತು. ಮಗು ಏನು ತಿಂದಿದೆ ಅಂತ ಆಗ ಗೊತ್ತಾಯಿತು.

ದವಾಖಾನೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಕೇಳಿದರು, "ಏಂ ಚೆಟ್ಟು ಅಮ್ಮಾ?" ಯಾವ ಗಿಡ?

"ಬುದ್ಧ ಗಿಡ" ಅಂದೆ.

ಆ ಹೆಸರಿನ ಗಿಡವನ್ನು ಅವರು ಕೇಳಿರಲಿಲ್ಲ. ನನ್ನ ಗಂಡ ಗದ್ವಾಲ್‌ಗೆ ಫೋನ್ ಹಚ್ಚಿದರೆ ಆ ಮಾಲೀಕ, "ಶೋ ಗಿಡ ಸಾರ್ ಅದು. ಹೈದರಾಬಾದ್‌ನಿಂದ ಲೋಡ್ ಬರ್ತದ, ಅಸಲಿ ಹೆಸರು ನಮಗೂ ಗೊತ್ತಿಲ್ಲ" ಅಂದ. ಕೊನೆಗೆ ಇವರೇ ಮನೆಗೆ ಹೋಗಿ ಗಿಡವನ್ನು ಬುಡಸಮೇತ ಕಿತ್ತು ತಂದು ಡಾಕ್ಟರ ಮೇಜಿನ ಮುಂದೆ ಇಟ್ಟರು. ಅದು ಹರಳೆಣ್ಣೆ ಗಿಡದ ಬಳಗದ್ದಂತೆ, ಬೀಜವೆಲ್ಲ ವಿಷವಂತೆ. ಸಲೈನ್ ಏರಿಸಿದರು. ಮಗು ಬದುಕಿತು.

ಮನೆಗೆ ಬಂದ ಮೇಲೆ ಅಂಗಳದಲ್ಲಿದ್ದ ಗಿಡಗಳನ್ನೆಲ್ಲ ಕಿತ್ತು ಬಿಸಾಡಿದೆ. ತುಳಸಿಯನ್ನೂ ಬಿಡಲಿಲ್ಲ, ದೇವರು ಕ್ಷಮಿಸಲಿ. ಆ ಗಿಡದ ಸುದ್ದಿ ಮನೆಯಲ್ಲಿ ಯಾರೂ ಎತ್ತಕೂಡದು ಅಂತ ಕಟ್ಟಪ್ಪಣೆ ಮಾಡಿದೆ. ಚಿನ್ನಿ ದೊಡ್ಡವಳಾಗುತ್ತ "ಆಗ ದವಾಖಾನಿಗೆ ಯಾಕ ಹೋಗಿದ್ವಿ ಅಮ್ಮಾ?" ಅಂತ ಕೇಳಿದಾಗೆಲ್ಲ "ಜ್ವರ ಬಂದಿತ್ತು" ಅನ್ನುತ್ತಿದ್ದೆ. ಅವತ್ತಿನಿಂದ ಹೊರಗೆ ಹೋದರೆ ಅವಳ ಮುಂಗೈ ನನ್ನ ಮುಷ್ಟಿಯಲ್ಲೇ. ಬೆವರು ಬಂದು ಜಾರಿದರೂ ಬಿಡುತ್ತಿರಲಿಲ್ಲ.

ಒಂದು ವರ್ಷ ಹಾಗೇ ಕಳೆಯಿತು. ಅಂಗಳ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಚಿನ್ನಿ ಶಾಲೆಯಲ್ಲಿ ಬೇರೆ ಹುಡುಗಿಯರ ಜಡೆಯಲ್ಲಿ ಮಲ್ಲಿಗೆ ನೋಡಿ ಬಂದು ಅಳುತ್ತಿದ್ದಳು. ಒಂದು ದಿನ ನನ್ನ ಗಂಡ ರೇಗಿಬಿಟ್ಟರು. "ಇದು ಮನಿಯೋ ಜೈಲೋ? ಎಲ್ಲಾ ಗಿಡ ವಿಷ ಇರ್ತಾವೇನು? ಛಲೋ ನರ್ಸರಿ ಒಂದು ಹುಡುಕೋಣು" ಅಂದರು. ಕರೆಂಟ್ ಆಫೀಸಿನ ಕೆಲಸಕ್ಕೆ ಸುತ್ತುವ ಅವರಿಗೆ ಮಕ್ತಲ್‌ನಲ್ಲಿ ಯಾರೋ ಹೇಳಿದ್ದರಂತೆ: ರಾಯಚೂರು ರಸ್ತೆಯಲ್ಲಿ ಕುರುಬರ ಮುದುಕಿಯೊಬ್ಬಳು ಗಿಡ ಮಾರುತ್ತಾಳೆ, ಮೊದಲು ತಾನು ಎಲೆ ತಿಂದು ನೋಡಿ ಆಮೇಲೆ ಕೊಡುತ್ತಾಳೆ.

"ಅವಳೇನು ಹುಚ್ಚಿಯೇನ್ರಿ?" ಅಂದೆ. ಅಂದೆನೇ ಹೊರತು, ಆ ರಾತ್ರಿ ಬಹಳ ದಿನಗಳ ಮೇಲೆ ನನಗೆ ನಿದ್ದೆ ಹತ್ತಿತು.

ನಾವು ಹೋದಾಗ ಆಕೆ ಬೇವಿನ ಬುಡದಲ್ಲಿ ಕೂತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ಒಣಗಿದ ಮೈ, ಹೆಗಲ ಮೇಲೆ ಉರಿಬಿಸಿಲಲ್ಲೂ ಕರಿ ಕಂಬಳಿ, ಹಣೆಗೆ ಮೈಲಾರನ ಭಂಡಾರದ ಅರಿಶಿನ, ಎಲೆಅಡಿಕೆ ಹಾಕಿ ಕೆಂಪಾದ ಬಾಯಿ. ಪಕ್ಕದಲ್ಲಿ ಒಂದು ಆಡು ಕಟ್ಟಿತ್ತು. ಯಾವ ಗಿಡ ಬೇಕು ಅಂತ ಆಕೆ ಕೇಳಲಿಲ್ಲ. ಚಿನ್ನಿಯನ್ನು ನೋಡಿದಳು. ಮುಖ ಸಣ್ಣದಾಯಿತು.

"ಮನ್ಯಾಗ ಸಣ್ಣವು ಎಷ್ಟು ಅದಾವ?"

"ಈಕಿ ಒಬ್ಬಾಕಿನೇ ರೀ ಅವ್ವಾ."

"ಬಾಯಾಗ ಕೈಬಟ್ಟು ಇಡತಾಳೇನು? ಮಣ್ಣು ಗಿಣ್ಣು?"

ಗದ್ವಾಲ್ ಗಿಡದ ಕಥೆಯನ್ನು ಪೂರ್ತಿ ಹೇಳಿದೆ, ಚಿನ್ನಿಗೆ ಕೇಳಬಾರದು ಅಂತ ದನಿ ತಗ್ಗಿಸಿ. ಕೇಳುತ್ತಾ ಕೇಳುತ್ತಾ ಆಕೆಯ ಕೈ ಮಣ್ಣಿನಲ್ಲೇ ನಿಂತುಬಿಟ್ಟಿತು. ಕೊನೆಗೆ ಎದ್ದು, "ಇವತ್ತು ಏನೂ ಸಿಗಂಗಿಲ್ಲ. ಯಾವ್ಯಾವು ಬೇಕು ತೋರಿಸಿ ಹೋಗ್ರಿ. ನಾಳೆ ಬರ್ರಿ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನಾರಾಯಣಪೇಟೆಯಿಂದ ಬಸ್ಸು ಹತ್ತಿ, ಮಗು ಕಟ್ಟಿಕೊಂಡು, ಬಿಸಿಲಲ್ಲಿ ಬಂದದ್ದು ತೋರಿಸಿ ಹೋಗುವುದಕ್ಕಾ? ಆದರೂ ತೋರಿಸಿದೆ: ಒಂದು ಮಲ್ಲಿಗೆ, ಒಂದು ದಾಸಾಳ, ಒಂದು ಕರಿಬೇವು.

ಆಕೆ ಒಂದೊಂದೇ ಗಿಡದಿಂದ ಎಲೆ ಕಿತ್ತು ಮೊದಲು ಆಡಿನ ಮುಂದೆ ಹಿಡಿದಳು. ಆಡು ತಿಂದಿತು. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ತಾನೂ ಒಂದೊಂದು ಎಲೆ ಬಾಯಿಗೆ ಹಾಕಿ ಕಣ್ಣು ಮುಚ್ಚಿಕೊಂಡು ಜಗಿದು ನುಂಗಿದಳು. ಕರಿಬೇವಿನ ಸರದಿ ಬಂದಾಗ ನನಗೆ ತಡೆಯಲಾಗಲಿಲ್ಲ. "ಕರಿಬೇವು ನಾವು ದಿನಾ ತಿಂತೀವಿ ಅವ್ವಾ!"

"ನಿಮ್ಮನ್ಯಾಗಿಂದು ತಿಂತೀರಿ. ಇದನ್ನ ತಿಂದೀರೇನು? ತಂದ ಕಡೆ ಏನು ಹುಳದ ಎಣ್ಣಿ ಹೊಡದಾರೋ, ಯಾರಿಗೆ ಗೊತ್ತು?" ಅಂದಳು. "ನನ್ನ ಹೊಟ್ಟಿ ಬೆಳಗಾಗೋತನ ಸುಮ್ಮನಿದ್ರ ನಾಳೆ ಒಯ್ರಿ."

ಮಾರನೇ ದಿನ ನನ್ನ ಗಂಡ ಹೋಗಿ ತಂದರು. ಪ್ರತಿ ಗಿಡದ ಬುಡಕ್ಕೂ ಒಂದು ಚಿಟಿಕೆ ಭಂಡಾರ ಹಾಕಿ, ಮೈಲಾರನ ಹೆಸರಿನಲ್ಲಿ "ಏಳುಕೋಟಿಗೆ" ಅಂದು ಕೈಗೆ ಕೊಟ್ಟಳಂತೆ. ಮಲ್ಲಿಗೆಯನ್ನು ಅಂಗಳದಲ್ಲಿ ನೆಟ್ಟೆವು. ನಾನು ಕಿಟಕಿಯ ಹತ್ತಿರ ಕೂತು ಕಾದೆ. ಮಗುವನ್ನು ಕಾದೆನೋ ಗಿಡವನ್ನು ಕಾದೆನೋ ನನಗೇ ಗೊತ್ತಿಲ್ಲ.

ಆಡಿನ ಪರೀಕ್ಷೆ ಆಕೆ ಕುರಿಯ ಹಿಂದೆ ತಿರುಗುವಾಗ ಕಲಿತದ್ದು. ಗೊತ್ತಿಲ್ಲದ ಸೀಮೆಗೆ ಹೋದಾಗ ಮುಂದಿನ ಕುರಿ ಯಾವ ಸೊಪ್ಪಿಗೆ ಬಾಯಿ ಹಾಕುತ್ತದೆ ನೋಡಿಕೊಂಡೇ ಹಿಂದಿನವನ್ನು ಬಿಡುತ್ತಿದ್ದರಂತೆ. ಅದನ್ನೇ ತಂದು ಇಲ್ಲಿ ಹೊಂದಿಸಿದ್ದಳು. "ಆಡು ತಿಂದದ್ದು ಮನಷಾಗ ಏನೂ ಮಾಡಂಗಿಲ್ಲ" ಅನ್ನುವುದು ಆಕೆಯ ಗಟ್ಟಿ ನಂಬಿಕೆ. ಒಂದು ಸಲ ಈ ನಂಬಿಕೆಯೇ ಆಕೆಯನ್ನು ಮಲಗಿಸಿತು. ಬಾಣದ ತುದಿಯಂಥ ಎಲೆಯ ಯಾವುದೋ ನೆರಳಿನ ಗಿಡ, ಹೊಸದಾಗಿ ಬಂದದ್ದು. ಆಡು ಒಂದು ತುಂಡು ಕಚ್ಚಿ ಆರಾಮವಾಗಿ ನಿಂತಿತ್ತು. ಆಕೆ ಜಗಿದಳು. ನಾಲಿಗೆ ಊದಿ ಬಾಯಿ ತುಂಬಿಕೊಂಡಿತು. ನಾನು ಹೋದಾಗ ಮಾತು ಬರದೆ, ಜೊಲ್ಲು ಸುರಿಸುತ್ತ, ಕೈಸನ್ನೆಯಲ್ಲೇ ಆ ಗಿಡಗಳನ್ನೆಲ್ಲ ಕಿತ್ತು ಹೂಳಿಸುತ್ತಿದ್ದಳು. ಸೊಸೆ ತಲೆ ಚಚ್ಚಿಕೊಳ್ಳುತ್ತಿದ್ದಳು. "ನೋಡ್ರಿ ಟೀಚರಮ್ಮ, ನೀವಾದ್ರೂ ಹೇಳ್ರಿ. ಎಂದರ ಒಂದಿನ ಹಿಂಗೇ ಸಾಯ್ತಾಳ ಈಕಿ."

ನಾನು ಹೇಳಲಿಲ್ಲ. ಹೇಳಿ ಆಕೆ ಬಿಟ್ಟುಬಿಟ್ಟರೆ ನನ್ನ ಮಗಳ ಗತಿ ಏನು ಅನ್ನಿಸಿತು. ಅಂಜಿಕೆ ಮನುಷ್ಯರನ್ನು ಅಷ್ಟು ಸ್ವಾರ್ಥಿಗಳನ್ನಾಗಿ ಮಾಡುತ್ತದೆ.

ಅಂಜಿಕೆಯಲ್ಲಿ ಆಕೆಯೂ ಏನು ಕಡಿಮೆಯವಳಲ್ಲ. ಲಾರಿ ಹಾರ್ನ್ ಹೊಡೆದರೆ ಬೆಚ್ಚುತ್ತಿದ್ದಳು. ಯಾರಾದರೂ ಓಡಿ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. "ಟೀಚರಮ್ಮಾ, ಹುಡುಗಿ ಉಂಡ್ಲೇನು? ವಾಂತಿ ಗೀಂತಿ ಏನಿಲ್ಲಲ?" ಆಕೆ ಕೇಳಿದ ಮೇಲೆ ನನಗೂ ಸಂಶಯ ಬಂದು ಚಿನ್ನಿಯ ಹಣೆ ಮುಟ್ಟಿ ನೋಡುತ್ತಿದ್ದೆ. ಚಿನ್ನಿ ಸುಮ್ಮನೆ ಕೆಮ್ಮಿದರೆ ಇಬ್ಬರೂ ಫೋನಿನ ಎರಡು ತುದಿಯಲ್ಲಿ ಉಸಿರು ಹಿಡಿಯುತ್ತಿದ್ದೆವು. "ಇಬ್ಬರೂ ಛಲೋ ಸಿಕ್ಕೀರಿ ಒಬ್ಬರಿಗೊಬ್ಬರು" ಅಂತ ನನ್ನ ಗಂಡ ಹಾಸ್ಯ ಮಾಡುತ್ತಿದ್ದರು. ಆಕೆ ಗಿಡ ಕೊಟ್ಟ ಮನೆಗಳೆಲ್ಲಕ್ಕೂ ಹೀಗೇ ಫೋನ್ ಹೋಗುತ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಒಂದು ಗಿಡದ ಹೆಸರನ್ನು ಮಾತ್ರ ಆಕೆಯ ಮುಂದೆ ಎತ್ತುವಂತಿರಲಿಲ್ಲ. ಧನ್ವಾಡದಿಂದ ಬಂದವನೊಬ್ಬ ಶಿವನ ಪೂಜೆಗೆ ಮದಗುಣಕಿ ಹೂವಿನ ಗಿಡ ಸಿಗುತ್ತದಾ ಅಂತ ಕೇಳಿದ. ದತ್ತೂರಿ ಅನ್ನುತ್ತಾರಲ್ಲ, ಮುಳ್ಳುಕಾಯಿಯದು, ಅದು. ಆಕೆ ಮೈಮೇಲೆ ಬಂದವಳ ಹಾಗೆ ಎದ್ದಳು. "ಹೋಗೋ! ಹೋಗು ಇಲ್ಲಿಂದ! ಅದರ ಹೆಸರು ನನ್ನ ಬಾಗಿಲಾಗ ತಗೀಬ್ಯಾಡ!" ಅವನು ಪಾಪ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ರಸ್ತೆ ಬದಿಯಲ್ಲಿ ಆ ಗಿಡ ಕಂಡರೆ ಕಂಬಳಿಯ ಅಂಚನ್ನು ಕೈಗೆ ಸುತ್ತಿಕೊಂಡು ಬುಡಸಮೇತ ಕೀಳುತ್ತಿದ್ದಳು. ಯಾಕೆ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಚಿನ್ನಿ ಆಕೆಯನ್ನು ಸ್ವಂತ ಅಜ್ಜಿಯ ಹಾಗೆ ಆಯಿ ಅನ್ನುತ್ತಿದ್ದಳು. ನರ್ಸರಿಗೆ ಹೋಗುವುದೆಂದರೆ ಕುಣಿದಾಡುತ್ತಿದ್ದಳು. ಆಯಿ ಎಲೆ ಜಗಿಯುವಾಗ ಎದುರಿಗೆ ಕುಕ್ಕರಗಾಲಲ್ಲಿ ಕೂತು ಮುಖವನ್ನೇ ನೋಡುತ್ತಿದ್ದಳು. ನನಗೆ ಅದು ಚಂದ ಕಾಣುತ್ತಿತ್ತು. ನಮ್ಮ ಅಂಗಳದಲ್ಲಿ ಮಲ್ಲಿಗೆ ಹಬ್ಬಿತು, ನಿಂಬೆ ಬಂತು, ಪೇರಲ ಬಂತು. ಛಲೋ ನರ್ಸರಿ ಸಿಕ್ಕಿತು ಅಂತ ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಚಿನ್ನಿಗೆ ಆರು ವರ್ಷವಾದಾಗ, ಮೊದಲ ಮಳೆ ಬಿದ್ದ ಮೇಲೆ, ನಾನೂ ಅವಳೂ ಹೋಗಿದ್ದೆವು. ಮಳೆ ಬಿದ್ದಿತ್ತಲ್ಲ, ಗಿಡ ಒಯ್ಯುವವರು ಬಹಳ ಇದ್ದರು. ನಾನು ಆಕೆಯ ಹತ್ತಿರ ಮಾತಾಡುತ್ತ ನಿಂತಿದ್ದೆ. ಕುಂಡವೊಂದನ್ನು ಎತ್ತಿ ನೋಡಲು ಚಿನ್ನಿಯ ಕೈ ಬಿಟ್ಟಿದ್ದೆ. ಹಿಂದುಗಡೆಯಿಂದ ಅವಳ ದನಿ ಕೇಳಿತು. ಯಾರದೋ ಚಿಕ್ಕ ಮಗುವಿಗೆ ಹೇಳುತ್ತಿದ್ದಳು.

"ನೀ ಮುಟ್ಟಬ್ಯಾಡ, ಇರು. ಮೊದಲ ನಾ ತಿಂದು ನೋಡ್ತೀನಿ. ನಾಳೆ ಒಯ್ಯಿವಂತಿ."

ತಿರುಗಿ ನೋಡಿದೆ. ಚಿನ್ನಿ ಕಣ್ಣು ಮುಚ್ಚಿಕೊಂಡು, ಥೇಟ್ ಆಯಿಯ ಹಾಗೆ, ಜಗಿಯುತ್ತಿದ್ದಳು. ಅವಳ ಹಿಂದೆ ಇದ್ದದ್ದು ಕಣಗಿಲದ ಸಾಲು. ರಸ್ತೆಯ ನಡುವಿನ ಪಟ್ಟಿಯಲ್ಲಿ ನೆಡಲು ಯಾರೋ ಗುತ್ತಿಗೆದಾರ ಬೇಕು ಅಂದಿದ್ದನಂತೆ, ಅತ್ತೆ ಬೇಡ ಬೇಡ ಅಂದರೂ ಸೊಸೆ ಬೆಳೆಸಿಟ್ಟಿದ್ದಳು.

ನನಗೆ ಕಿರುಚಲೂ ಆಗಲಿಲ್ಲ. ನನಗಿಂತ ಮೊದಲು ಓಡಿದ್ದು ಆಕೆ. ಆ ವಯಸ್ಸಿನಲ್ಲಿ ಕುಂಡಗಳನ್ನು ಹಾರಿಕೊಂಡು ಹೋಗಿ ಚಿನ್ನಿಯ ಬಾಯಿಗೆ ಬೆರಳು ಹಾಕಿ ಬಾಚಿ ತೆಗೆದಳು, ಪೈಪ್ ಹಿಡಿದು ಬಾಯಿ ತೊಳೆದಳು, ಎತ್ತಿಕೊಂಡು ರಸ್ತೆಗೆ ಓಡಿದಳು. ಆಟೋದಲ್ಲಿ ಚಿನ್ನಿ ಅಳುತ್ತ ಹೇಳಿದಳು, "ಕಹಿ ಇತ್ತು ಅಮ್ಮಾ. ಉಗುಳವಳಿದ್ದೆ. ಆಯಿ ಉಗುಳಂಗಿಲ್ಲ, ಅದಕ್ಕ ಇಟಗೊಂಡಿದ್ದೆ."

ಮಕ್ತಲ್ ದವಾಖಾನೆಯಲ್ಲಿ ಚಿನ್ನಿಯ ಎದೆಗೆ ವೈರು ಹಚ್ಚಿ ಮಲಗಿಸಿದರು. ಈ ಎಲೆ ಹೃದಯಕ್ಕೇ ಹೋಗುತ್ತದೆ, ನುಂಗಿದ್ದಾಳೋ ಇಲ್ಲವೋ ಗೊತ್ತಿಲ್ಲ, ಕಾದು ನೋಡಬೇಕು ಅಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆಕೆ ನೆಲದ ಮೇಲೆ ಕೂತಿದ್ದಳು, ಒದ್ದೆ ಕಂಬಳಿ, ಮಣ್ಣಿನ ಕೈ. ಗಡಿಯಾರ ನೋಡಲು ಅಂಜಿಕೆ, ನೋಡದೆ ಇರಲೂ ಅಂಜಿಕೆ. ಬಾಗಿಲು ಅಲ್ಲಾಡಿದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಒಂದು ಹೊತ್ತಿನಲ್ಲಿ ನನ್ನ ಅಂಜಿಕೆ ಎಲ್ಲ ಸಿಟ್ಟಾಗಿ ತಿರುಗಿತು. "ನೀವೇ ಕಲಿಸಿದ್ದು ಇದನ್ನ! ನಿಮ್ಮನ್ನ ನೋಡೇ ಆಕಿ ತಿಂದದ್ದು!" ಅಂದೆ. ದವಾಖಾನೆಯ ಮಂದಿಯೆಲ್ಲ ತಿರುಗಿ ನೋಡಿದರು.

ಆಕೆ ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಮಾತಾಡಿದಳು.

"ಈಗಿರೋ ಮಗನಕಿಂತ ಮೊದಲ ನನಗೂ ಒಬ್ಬ ಇದ್ದ ಟೀಚರಮ್ಮ. ನಿಮ್ಮ ಹುಡುಗಿಯಷ್ಟು ದೊಡ್ಡವನೂ ಆಗಿರಲಿಲ್ಲ. ಕುರಿ ಹೊಡಕೊಂಡು ರಾಜೋಳಿ ಕಡೆ, ತುಂಗಭದ್ರಾ ದಂಡಿಗೆ ಹೋಗಿದ್ವಿ. ರಾತ್ರಿ ಕುರಿ ತರುಬಿ ನಿಲ್ಲಿಸಿದ ಹೊಲದ ಬದುವಿನ್ಯಾಗ ಮದಗುಣಕಿ ಇತ್ತು. ಕುರಿ ಮುಟ್ಟಲಿಲ್ಲ. ನಾನೂ ನೋಡಿದ್ದೆ ಅದನ್ನ. ನೋಡಿ ರೊಟ್ಟಿ ಬಡ್ಯಾಕ ಕುಂತೆ. ಅವ ಕಾಯಿ ಒಡದು ಬೀಜ ತಿಂದ."

ಒಳಗೆ ಯಂತ್ರದ ಟಿಕ್ ಟಿಕ್ ಕೇಳುತ್ತಿತ್ತು. ಅದು ನಿಲ್ಲದಿರಲಿ ಅಂತ ನಾನು ಬೀರಪ್ಪನಿಂದ ಹಿಡಿದು ಗೊತ್ತಿದ್ದ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದೆ.

"ಗಿಡ ನನಗ ಗೊತ್ತಿತ್ತು" ಅಂದಳು ಆಕೆ. "ಕೂಸಿಗೆ ಹೇಳಿರಲಿಲ್ಲ. ಅವತ್ತಿಂದ ಎಲ್ಲಾ ನಾನೇ ತಿಂದು ನೋಡ್ತೀನಿ. ಮತ್ತ ನೋಡ್ರಿ, ನಿಮ್ಮ ಹುಡುಗಿಗೂ ಹೇಳಲಿಲ್ಲ. ತಿಂದು ತೋರಿಸಿದೆ."

ಬೆಳಗಾದ ಮೇಲೆ ಡಾಕ್ಟರು ಬಂದು, ನುಂಗಿಲ್ಲ, ಎದೆ ಬಡಿತ ಸರಿ ಇದೆ, ಕರೆದುಕೊಂಡು ಹೋಗಿ ಅಂದರು. ನಾನು ಅತ್ತುಬಿಟ್ಟೆ. ಆಕೆ ಅಳಲಿಲ್ಲ, ಕಂಬಳಿ ಕೊಡವಿ ಎದ್ದಳು. ಹೋಗುವಾಗ ನಾನು, "ಇನ್ನ ನಮ್ಮ ಮನಿಗೆ ಫೋನ್ ಮಾಡಬ್ಯಾಡ್ರಿ" ಅಂದೆ. ಹೂಂ ಅಂದಳು.

ಮಾಡಲಿಲ್ಲ ಕೂಡ. ದೀಪ ಹಚ್ಚುವ ಹೊತ್ತಿಗೆ ಫೋನ್ ಸುಮ್ಮನೆ ಬಿದ್ದಿರುತ್ತಿತ್ತು. ಮೊದಲು ಅದು ಬಡಿದುಕೊಂಡರೆ ಅಂಜುತ್ತಿದ್ದೆ, ಈಗ ಸುಮ್ಮನಿದ್ದರೆ ಅಂಜತೊಡಗಿದೆ. ನನ್ನ ಮಗಳು ಉಂಡಳೋ ಇಲ್ಲವೋ ಅಂತ ಚಿಂತೆ ಮಾಡುವವರು ಈ ಲೋಕದಲ್ಲಿ ಒಬ್ಬರು ಕಡಿಮೆಯಾದರಲ್ಲ ಅನ್ನಿಸುತ್ತಿತ್ತು.

ದಸರಾ ಮುಗಿದ ಮೇಲೆ ಒಂದು ಭಾನುವಾರ ಗೇಟಿನ ಹೊರಗೆ ಆಕೆ ನಿಂತಿದ್ದಳು. ಬಸ್ಸು ಹತ್ತಿ, ಮನೆ ಕೇಳಿಕೊಂಡು ಬಂದಿದ್ದಳು. ಬಾಯಿ ಕೆಂಪಿರಲಿಲ್ಲ, ಅದಕ್ಕೇ ಏನೋ ಮುಖವೇ ಬೇರೆ ಕಂಡಿತು. ಒಳಗೆ ಬರ್ರಿ ಅಂದರೆ ಬರಲಿಲ್ಲ. "ಹುಡುಗಿನ್ನ ಕರೀರಿ" ಅಂದಳು.

ಚಿನ್ನಿ ಓಡಿ ಬಂದಳು. ಆಕೆ ಅವಳನ್ನು ಕರೆದುಕೊಂಡು ನಮ್ಮ ಮನೆಯ ಸುತ್ತಲಿನ ಖಾಲಿ ಪ್ಲಾಟುಗಳಲ್ಲಿ ತಿರುಗಿದಳು. ನಾನು ಹಿಂದೆ ಹಿಂದೆ. ಒಂದು ಕಡೆ ನಿಂತು ಗಿಡ ತೋರಿಸಿದಳು. ಮುಳ್ಳುಕಾಯಿ, ಬಿಳಿ ಹೂ. ಹೆಸರನ್ನೂ ಬಾಯಲ್ಲಿ ತರದಿದ್ದಾಕೆ!

"ಇದರ ಹೆಸರು ಮದಗುಣಕಿ. ಜೋರಾಗಿ ಹೇಳು."

"ಮದಗುಣಕಿ!"

"ಮುಖ ನೋಡಿಕೋ ಇದರದ್ದು. ಎಲಿ, ಕಾಯಿ, ಹೂವು. ತಿಂದ್ರ ಏನಾಗ್ತೀವಿ?"

ಚಿನ್ನಿ ನನ್ನ ಕಡೆ ನೋಡಿದಳು. ಆಮೇಲೆ ಆಕೆಯ ಕಡೆ ನೋಡಿ, "ಸಾಯ್ತೀವಿ" ಅಂದಳು.

ಆರು ವರ್ಷದ ಬಾಯಲ್ಲಿ ಆ ಮಾತು ಕೇಳಿ ಅವಳನ್ನು ಎಳೆದುಕೊಳ್ಳಲು ಕೈ ಚಾಚಿದೆ. ಆಕೆ ಮಾತ್ರ "ಹೌದು. ಜಗದ್ರೂ ಅಷ್ಟೇ, ನೆಕ್ಕಿದ್ರೂ ಅಷ್ಟೇ. ಆಯಿ ತಿಂದಿದ್ದು ತಪ್ಪು" ಅಂದು ಮುಂದಿನ ಗಿಡಕ್ಕೆ ಹೋದಳು. ಎಕ್ಕ, ಹರಳು, ಗುಲಗಂಜಿ. ಎಲ್ಲ ನಮ್ಮ ಮನೆಯ ಸುತ್ತಲೇ ಇದ್ದವು. ನಾನು ಅಂಗಳದ ಗಿಡ ಕಿತ್ತು ಬಾಗಿಲು ಹಾಕಿಕೊಂಡು ಕೂತಿದ್ದೆ, ಗೋಡೆಯಾಚೆ ಅವೆಲ್ಲ ಹಾಯಾಗಿ ಬೆಳೆದು ನಿಂತಿದ್ದವು.

ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಆ ಹೊಟ್ಟಿ ದಪ್ಪನ ಗಿಡದ ಸುದ್ದಿ ಹುಡುಗಿಗೆ ಹೇಳೀರೇನು?"

"ಬ್ಯಾಡ ರೀ ಅವ್ವಾ. ಅಂಜತಾಳ."

ಆಕೆ ಕಂಬಳಿ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟಳು. ಆ ಸಂಜೆ ಫೋನ್ ಬಡಿದುಕೊಂಡಿತು. "ಹುಡುಗಿ ಉಂಡ್ಲೇನು?" ನಾನು ಎತ್ತಿ ಉತ್ತರ ಕೊಟ್ಟೆ.

ಅವತ್ತಿನಿಂದ ನರ್ಸರಿಯ ರೀತಿಯೇ ಬದಲಾಯಿತು. ಆಡನ್ನು ಯಾರಿಗೋ ಕೊಟ್ಟುಬಿಟ್ಟಳು. ಕಣಗಿಲದಂಥವನ್ನು ಹಿಂದುಗಡೆ ಜಾಲಿಮುಳ್ಳಿನ ಬೇಲಿ ಹಾಕಿ ಬೇರೆ ಇಟ್ಟಳು. ಕೂಸಿಗೆ ದೃಷ್ಟಿ ಬೊಟ್ಟು ಇಡುತ್ತಾರಲ್ಲ, ಹಾಗೆ ಆ ಕುಂಡಗಳಿಗೆಲ್ಲ ಕಾಡಿಗೆಯ ಬೊಟ್ಟು. ಮಕ್ಕಳನ್ನು ಕರೆದುಕೊಂಡು ಬಂದವರು ಮೊದಲು ಬೇಲಿಯ ಹತ್ತಿರ ಹೋಗಲೇಬೇಕಿತ್ತು. ಮಗು ಬೊಟ್ಟಿನ ಗಿಡಗಳ ಮುಖ ನೋಡಿ, ಹೆಸರು ಜೋರಾಗಿ ಹೇಳಿದ ಮೇಲೆಯೇ ಮಲ್ಲಿಗೆ ಕೈಗೆ ಬರುತ್ತಿತ್ತು. "ಹೂವಿನ ಗಿಡ ಕೊಳ್ಳಾಕ ಬಂದ್ರ ಕೂಸಿಗೆ ಸಾವು ಕಲಿಸ್ತಾಳ ಮುದುಕಿ" ಅಂತ ಬೈದುಕೊಂಡು ಹೋದವರೂ ಇದ್ದರು. ವ್ಯಾಪಾರ ಕಡಿಮೆಯಾಯಿತು. ಆಕೆ ಬಿಡಲಿಲ್ಲ.

ಸಾವಿನ ಸುದ್ದಿ ಬಂದ ಮರುವಾರ ನಾನೂ ಚಿನ್ನಿಯೂ ಹೋದೆವು. ಚಿನ್ನಿಗೆ ಈಗ ಒಂಬತ್ತು. ಈಗಲೂ ಮುಂಗೈ ಹಿಡಿದುಕೊಂಡೇ ಕರೆದೊಯ್ದೆ, ಅವಳು ನಾಚಿಕ್ಯಾಗತೈತಿ ಬಿಡು ಅಂದರೂ. ಬೇವಿನ ಬುಡದಲ್ಲಿ ಕಂಬಳಿ ಮಡಚಿ ಇಟ್ಟಿತ್ತು. ಸೊಸೆ ಕಣ್ಣೊರೆಸಿಕೊಂಡು ಮಾತಾಡಿದಳು. ಕೇಳದೆ ಇರಲಾರದೆ ನಾನು ಮತ್ತೆ ಕೇಳಿದೆ, ನಿಜವಾಗಿ ಏನೂ ಜಗಿದಿರಲಿಲ್ಲವಾ ಅಂತ.

"ಇಲ್ಲ ಟೀಚರಮ್ಮ. ದವಾಖಾನಿಯಿಂದ ಬಂದ ದಿನಾನೇ ಎಲ್ಲಾ ಬಿಟ್ಲು. ಎಲಿಅಡಿಕಿ ಸುದ್ದಾ ಬಿಟ್ಲು. ಹುಟ್ಟಿದಾಗಿಂದ ಹಾಕ್ಕೋತಿದ್ಲು ಅಂತಿದ್ಲು. ಕೂಸುಗೋಳು ಬರೋ ಜಾಗ, ನನ್ನ ಬಾಯಾಗ ಯಾವ ಎಲಿನೂ ಅವು ನೋಡಬಾರದು ಅಂದ್ಲು. ತಲಿ ಸುತ್ತಿ ಒದ್ದಾಡ್ತಿದ್ಲು ಮೊದಮೊದಲ. ಮುಟ್ಟಲಿಲ್ಲ."

ಅಂದರೆ ಆ ಬಿಳಿ ಬಾಯಿಯ ಅರ್ಥ ಅದಾಗಿತ್ತು. ಗೇಟಿನ ಹೊರಗೆ ನಿಂತಿದ್ದ ಆ ಮುಖ ನೆನಪಾಯಿತು.

ಹೊರಡುವಾಗ ಸೊಸೆ, "ಇರ್ರಿ, ಒಂದು ಐತಿ" ಅಂತ ಬೇಲಿಯ ಒಳಗೆ ಹೋಗಿ ಕುಂಡವೊಂದನ್ನು ತಂದಳು. "ಇದನ್ನ ಯಾರಿಗೂ ಕೊಡಬ್ಯಾಡ ಅಂದಿದ್ಲು. ಟೀಚರಮ್ಮನ ಹುಡುಗಿದಂತ. ಗದ್ವಾಲ್‌ಗೆ ತಾನೇ ಹೋಗಿ ಹುಡುಕ್ಯಾಡಿ ತಂದಿದ್ಲು. ಕಾಯಿ ಆಗಬಾರದು ಅಂತ ದಿನಾ ಹೂವು ಚಿವುಟತಿದ್ಲು."

ದಪ್ಪ ಹೊಟ್ಟೆಯ ಬುಡ. ಅಗಲ ಎಲೆ. ಚಿವುಟಿದ ತೊಟ್ಟುಗಳ ನಡುವೆ ಈ ವಾರ ಬಿಟ್ಟ ಒಂದೇ ಒಂದು ಕೆಂಪು ಗೊಂಚಲು. ಕುಂಡದ ಮೇಲೆ ಕಾಡಿಗೆಯ ಬೊಟ್ಟು.

ಒಡೆದ ಸಿಪ್ಪೆ, ಒದ್ದೆ ಬಟ್ಟೆಯಂತೆ ಬಿದ್ದಿದ್ದ ಮೈ, ಎಲ್ಲ ಒಮ್ಮೆಲೇ ಬಂದು ಎದುರಿಗೆ ನಿಂತವು. ಚಿನ್ನಿಯ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವಳು "ಅಮ್ಮಾ!" ಅಂದಳು. ಬೇಡ, ಇಲ್ಲೇ ಇರಲಿ, ಕಿತ್ತು ಒಲೆಗೆ ಹಾಕಿರಿ ಅನ್ನಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಚಿನ್ನಿ ಬಗ್ಗಿ ಗಿಡವನ್ನು ಮುಟ್ಟದೆ, ಕೈ ಬೆನ್ನಿಗೆ ಕಟ್ಟಿಕೊಂಡು ನೋಡುತ್ತಿದ್ದಳು. ಆಯಿ ಕಲಿಸಿದ ಹಾಗೆ ಮೊದಲು ಎಲೆ, ಆಮೇಲೆ ಕಾಂಡ, ಆಮೇಲೆ ಹೂವು. ತಲೆ ಎತ್ತಿ ಕೇಳಿದಳು, "ಬೊಟ್ಟು ಐತಿ. ಆದ್ರ ಇದನ್ನ ಆಯಿ ನನಗ ತೋರಿಸಿಲ್ಲ. ಇದೇನು ಗಿಡ ಅಮ್ಮಾ?"

ಗಿಡ ನನಗೆ ಗೊತ್ತಿತ್ತು. ಕೂಸಿಗೆ ಹೇಳಿರಲಿಲ್ಲ.

ನಾರಾಯಣಪೇಟೆಯ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳತೊಡಗಿದೆ. ದನಿ ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟೆ. ಗದ್ವಾಲ್, ಸಿಮೆಂಟಿನ ಕೊಕ್ಕರೆ, ಲಕ್ಷ್ಮಿ ಬರುತ್ತಾಳೆ ಅಂದವನು, ಹಸಿರು ಕಾಯಿ, ನಾನು ಜ್ವರ ಅಂದದ್ದು. ಚಿನ್ನಿ ನಡುವೆ ಒಂದೇ ಒಂದು ಸಲ ಮಾತಾಡಿದಳು, "ನಾ ಅತ್ತಿದ್ನೇನು?" ಅಂತ. "ಅಳಾಕೂ ಶಕ್ತಿ ಇರಲಿಲ್ಲ ನಿನಗ" ಅಂದೆ. ಅವಳು ಕಿಟಕಿಯ ಹೊರಗೆ ನೋಡಿದಳು, ಗಿಡವನ್ನು ನೋಡಿದಳು, ಕೊನೆಗೆ ಆ ಗೊಂಚಲನ್ನು ಉಗುರಿನಿಂದ ಚಿವುಟಿ ಕಿಟಕಿಯಿಂದ ಆಚೆ ಒಗೆದು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಬಾಟಲಿ ತೆಗೆದು ಕೈ ತೊಳೆದುಕೊಂಡಳು. ಅದೂ ಆಯಿ ಕಲಿಸಿದ್ದೇ ಇರಬೇಕು.

ನನ್ನ ಅಂಜಿಕೆ ಹೋಗಿಲ್ಲ. ಈ ಕುಂಡ ಮನೆಗೆ ಬಂದ ಮೇಲಂತೂ ದಿನಕ್ಕೆ ಹತ್ತು ಸಲ ಹೋಗಿ ನೋಡಿ ಬರುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಫೋನಿನ ಕಡೆ ಕಣ್ಣು ಹೋಗುತ್ತದೆ.

ಅವತ್ತು ಬಸ್ಸು ನಿಂತಾಗ ನನ್ನ ಎರಡೂ ಕೈಯಲ್ಲಿ ಕುಂಡ ಇತ್ತು. ಚಿನ್ನಿಯನ್ನು ಹಿಡಿದುಕೊಳ್ಳಲು ನನಗೆ ಕೈ ಇರಲಿಲ್ಲ. ಮೆಟ್ಟಿಲ ಮೇಲೆ ನಾನು ತಡವರಿಸುವುದನ್ನು ಕಂಡು ಅವಳೇ ನನ್ನ ಮುಂಗೈ ಹಿಡಿದಳು.

"ಅಂಜಬ್ಯಾಡ ಅಮ್ಮಾ. ನೋಡಕೋತ ಇಳಿ" ಅಂದಳು.